ಡೆನ್ಮಾರ್ಕಿನ ಬೆಣ್ಣೆ: ಒಂದು ಕೃಷಿರಫ್ತಿನ ಇತಿಹಾಸ

ಒಂದು ದೇಶದ ಕೃಷಿಯು ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಇತರ ದೇಶಗಳ ಕೃಷಿಯೊಡನೆ ಸ್ಪರ್ಧಿಸಿ ನಿಲ್ಲಬೇಕಾದರೆ ಅದಕ್ಕೆ ಯಾವ ಬಲವಿರಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುವುದುಂಟು. ಫಲವತ್ತಾದ ಭೂಮಿ ಮತ್ತು ಅನುಕೂಲವಾದ ಹವೆ ಎಂಬುದು ಒಂದು; ಅಗ್ಗದ ಕೂಲಿ ಎಂಬುದು ಇನ್ನೊಂದು. ಈ ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಬೆಣ್ಣೆಯ ಮಾರುಕಟ್ಟೆಯನ್ನು ಗೆದ್ದ ಡೆನ್ಮಾರ್ಕಿನ ಇತಿಹಾಸವನ್ನು ಪರಿಶೀಲಿಸಿದರೆ ಇವು ಸಾಲವೆಂಬುದು ಸ್ಪಷ್ಟವಾಗುತ್ತದೆ. ಹುಲ್ಲಿನ ಸಮೃದ್ಧಿಯಲ್ಲಿ ಐರ್ಲೆಂಡ್ ಡೆನ್ಮಾರ್ಕಿಗಿಂತ ಮೇಲಾಗಿದ್ದಿತು. ಚಳಿಗಾಲ ಅಲ್ಲಿ ಅಷ್ಟು ಕಠಿಣವಲ್ಲ. ಇಂಗ್ಲೆಂಡಿನ ಬಂದರುಗಳು ಅದಕ್ಕೆ ಹೆಚ್ಚು ಸಮೀಪ. ಆದರೂ ಒಂದೇ ತಲೆಮಾರಿನ ಅವಧಿಯಲ್ಲಿ ಐರ್ಲೆಂಡಿನ ಬೆಣ್ಣೆ ಹಿಂದೆ ಬಿದ್ದು ಡೆನ್ಮಾರ್ಕಿನ ಬೆಣ್ಣೆ ಮುಂದೆ ಬಂದಿತು. ಹೀಗಾಗಲು ಕಾರಣವೇನೆಂಬುದನ್ನು ಈ ಲೇಖನದಲ್ಲಿ ನಾವು ವಿಚಾರಿಸುತ್ತೇವೆ.

1

ಮೊದಲು ಕಾಲದ ಸನ್ನಿವೇಶವನ್ನು ನೆನೆಯಬೇಕು. 1864ರ ಯುದ್ಧದಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳಿಗೆ ಸೋತು ಡೆನ್ಮಾರ್ಕು ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತಗಳನ್ನು ಕಳೆದುಕೊಂಡಿತು. ಉಳಿದುದು ಕಲ್ಲಿದ್ದಲಾಗಲಿ ಕಬ್ಬಿಣವಾಗಲಿ ಇಲ್ಲದ ಒಂದು ಚಿಕ್ಕ ರಾಜ್ಯ. ಅದರ ರೈತರು ಆವರೆಗೆ ಮುಖ್ಯವಾಗಿ ಧಾನ್ಯವನ್ನು ಬೆಳೆದು ಹೊರದೇಶಕ್ಕೆ ಮಾರುತ್ತಿದ್ದರು. ಆದರೆ 1870ರ ದಶಕದ ಕೊನೆಯಿಂದ ರೈಲು ಮತ್ತು ಉಗಿಹಡಗುಗಳ ಸಹಾಯದಿಂದ ಅಮೆರಿಕದ ಮತ್ತು ರಷ್ಯದ ಧಾನ್ಯ ಯೂರೋಪಿನೊಳಕ್ಕೆ ಪ್ರವಾಹದಂತೆ ನುಗ್ಗಿತು, ಬೆಲೆಗಳು ಕುಸಿದುವು.

ಈ ವಿಪತ್ತಿಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಉತ್ತರ ಕೊಟ್ಟುವು. ಜರ್ಮನಿ 1879ರಲ್ಲಿ ಧಾನ್ಯದ ಮೇಲೆ ಸುಂಕ ವಿಧಿಸಿತು. ಫ್ರಾನ್ಸ್ ಕೆಲವು ವರ್ಷಗಳಲ್ಲಿ ಅದೇ ಹಾದಿಯನ್ನು ಹಿಡಿಯಿತು. ಡೆನ್ಮಾರ್ಕು ಮಾತ್ರ ಧಾನ್ಯಕ್ಕೆ ಬಾಗಿಲನ್ನು ತೆರೆದೇ ಇಟ್ಟಿತು. ಹೊರಗಿನ ಅಗ್ಗದ ಧಾನ್ಯವು ಧಾನ್ಯ ಬೆಳೆಯುವವನಿಗೆ ಶತ್ರು. ಹಸು ಸಾಕುವವನಿಗೆ ಅದೇ ಮೇವು. ಮುಸುಕಿನ ಜೋಳ, ಬೂಸಾ, ಎಣ್ಣೆಬೀಜದ ಹಿಂಡಿ ಮುಂತಾದುವನ್ನು ಹೊರಗಿನಿಂದ ತರಿಸಿ, ಅವನ್ನು ಹಾಲು ಬೆಣ್ಣೆಗಳನ್ನಾಗಿ ಪರಿವರ್ತಿಸಿ ಮಾರುವುದು ಸಾಧ್ಯವಾಯಿತು. 1880ರ ದಶಕದಲ್ಲಿ, ಧಾನ್ಯವನ್ನು ಮಾರುತ್ತಿದ್ದ ಆ ದೇಶವೇ ಧಾನ್ಯವನ್ನು ಕೊಳ್ಳುವ ದೇಶವಾಯಿತು. ಸ್ಪರ್ಧೆಯ ಸಾಮರ್ಥ್ಯವೆಂದರೆ ಎಲ್ಲವನ್ನೂ ತಾನೇ ಬೆಳೆಯುವ ಸಾಮರ್ಥ್ಯವಲ್ಲ, ಯಾವುದನ್ನು ಬಿಡಬೇಕೆಂಬ ವಿವೇಕವೂ ಅದರಲ್ಲಿ ಸೇರಿದೆ ಎಂಬುದು ಇದರಿಂದ ತಿಳಿಯುತ್ತದೆ.

2

ಆದರೆ ಧಾನ್ಯವನ್ನು ಬಿಟ್ಟು ಬೆಣ್ಣೆಯನ್ನು ಹಿಡಿಯುವುದು ಸಂಕಲ್ಪಮಾತ್ರದಿಂದ ಆಗತಕ್ಕ ಕೆಲಸವಲ್ಲ. ಡೆನ್ಮಾರ್ಕಿನ ಏಳಿಗೆಯನ್ನು ಕುರಿತ ಪ್ರಚಲಿತ ಕಥನದಲ್ಲಿ ಸಹಕಾರ ಸಂಘಗಳಿಗೂ ಗ್ರುಂಡ್ವಿಗ್ ಪ್ರೇರೇಪಿಸಿದ ಜಾನಪದ ಪ್ರೌಢಶಾಲೆಗಳಿಗೂ ಅಗ್ರಸ್ಥಾನವಿದೆ. ಯುದ್ಧದಲ್ಲಿ ಸೋತ ಬಡ ರೈತರು ವಿದ್ಯೆಯಿಂದ ಎಚ್ಚತ್ತು, ಒಗ್ಗೂಡಿ, ತಮ್ಮ ನಾಡನ್ನು ತಾವೇ ಮೇಲೆತ್ತಿದರೆಂಬ ಈ ಚಿತ್ರ ಮನೋಹರವಾದುದು. ನಮ್ಮ ದೇಶದಲ್ಲಿಯೂ ಸಹಕಾರದ ವಿಷಯ ಬಂದಾಗ ಇದನ್ನು ಉದಾಹರಿಸುವುದು ರೂಢಿಯಾಗಿತ್ತು. ಇದು ಸುಳ್ಳಲ್ಲ, ಆದರೆ ಅಪೂರ್ಣ.

ಮಾರ್ಕಸ್ ಲಾಂಪೆ ಮತ್ತು ಪಾಲ್ ಶಾರ್ಪ್ ಎಂಬ ಆರ್ಥಿಕ ಇತಿಹಾಸಕಾರರು ಹಳೆಯ ಜಮೀನುದಾರಿ ಎಸ್ಟೇಟುಗಳ ಲೆಕ್ಕಪತ್ರಗಳನ್ನು ಶೋಧಿಸಿ ಈ ಕಥೆಯ ಪೂರ್ವಭಾಗವನ್ನು ಬೆಳಕಿಗೆ ತಂದಿದ್ದಾರೆ. ಹೋಲ್‌ಸ್ಟೈನ್ ಪ್ರಾಂತದ ದೊಡ್ಡ ಎಸ್ಟೇಟುಗಳಲ್ಲಿ ಬೆಳೆಗಳನ್ನೂ ಹುಲ್ಲುಗಾವಲನ್ನೂ ಸರದಿಯಂತೆ ಬದಲಾಯಿಸುತ್ತ, ನೂರಾರು ಹಸುಗಳನ್ನು ಒಂದೆಡೆ ಸಾಕಿ, ಒಂದೇ ಕೇಂದ್ರದಲ್ಲಿ ಬೆಣ್ಣೆ ತೆಗೆಯುವ ಪದ್ಧತಿ ಬಳಕೆಯಲ್ಲಿದ್ದಿತು. ಹದಿನೆಂಟನೆಯ ಶತಮಾನದಲ್ಲಿ ಅದು ಡೆನ್ಮಾರ್ಕಿನ ಎಸ್ಟೇಟುಗಳಿಗೂ ಹರಡಿತು. ಹಾಲೆಷ್ಟು, ಮೇವೆಷ್ಟು, ಬೆಣ್ಣೆಯೆಷ್ಟು, ಲಾಭವೆಷ್ಟು ಎಂದು ಬರೆದಿಡುವ ಅಭ್ಯಾಸ ಅಲ್ಲಿಯೇ ಬೆಳೆಯಿತು. ಸಹಕಾರ ಸಂಘಗಳು ಹುಟ್ಟುವುದಕ್ಕೆ ಬಹಳ ಮೊದಲೇ ಎಸ್ಟೇಟಿನ ಬೆಣ್ಣೆಗೂ ರೈತನ ಮನೆಯ ಬೆಣ್ಣೆಗೂ ಪೇಟೆಯಲ್ಲಿ ಬೆಲೆಯ ಅಂತರವಿದ್ದಿತು. ಅಂದರೆ ಸಣ್ಣ ರೈತನ ಕಣ್ಣೆದುರಿಗೆ ಒಂದು ಮೇಲ್ಪಂಕ್ತಿಯಿದ್ದಿತು. ಅದನ್ನು ಮುಟ್ಟುವ ಸಾಧನ ಮಾತ್ರ ಅವನ ಬಳಿ ಇರಲಿಲ್ಲ.

ಈ ಜ್ಞಾನವನ್ನು ಎಸ್ಟೇಟಿನ ಗೋಡೆಯಿಂದ ಹೊರಕ್ಕೆ ತಂದುದು ವಿದ್ವಾಂಸರು. 1858ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪಶುವೈದ್ಯ ಮತ್ತು ಕೃಷಿ ಕಾಲೇಜು ಸ್ಥಾಪಿತವಾಯಿತು. ಅಲ್ಲಿಯ ಥಾಮಸ್ ಸೆಗೆಲ್ಕೆ ಎಂಬ ಅಧ್ಯಾಪಕರು ಬೆಣ್ಣೆ ತೆಗೆಯುವ ಕೆಲಸಕ್ಕೆ ಉಷ್ಣಮಾಪಕವನ್ನೂ ತಕ್ಕಡಿಯನ್ನೂ ಲೆಕ್ಕದ ಪುಸ್ತಕವನ್ನೂ ತಂದರು. ಕೈರುಚಿಯ ಕಲೆಯಾಗಿದ್ದುದು ಅಳೆದು ಮಾಡುವ ಶಾಸ್ತ್ರವಾಯಿತು. ಎನ್. ಜೆ. ಫ್ಯೋರ್ಡ್ ಎಂಬ ಇನ್ನೊಬ್ಬರು ಬೇರೆ ಬೇರೆ ವಿಧಾನಗಳನ್ನು ಹೋಲಿಸಿ ಪ್ರಯೋಗಗಳನ್ನು ನಡೆಸಿ ಫಲಿತಾಂಶಗಳನ್ನು ಪ್ರಕಟಿಸಿದರು. 1883ರಲ್ಲಿ ಸರ್ಕಾರ ಅವರಿಗಾಗಿ ಒಂದು ಪ್ರಯೋಗಾಲಯವನ್ನೇ ಏರ್ಪಡಿಸಿತು.

3

ಮೇಲ್ಪಂಕ್ತಿಯನ್ನು ಮುಟ್ಟುವ ಸಾಧನ 1878ರ ಸುಮಾರಿಗೆ ದೊರೆಯಿತು. ಹಾಲನ್ನು ರಭಸದಿಂದ ತಿರುಗಿಸಿ ಕೆನೆಯನ್ನು ಬೇರ್ಪಡಿಸುವ, ಎಡೆಬಿಡದೆ ನಡೆಯುವ ಯಂತ್ರವನ್ನು ಸ್ವೀಡನ್ನಿನ ಗುಸ್ತಾಫ್ ದ ಲಾವಾಲ್ ನಿರ್ಮಿಸಿದನು. ಡೆನ್ಮಾರ್ಕಿನಲ್ಲಿಯೂ ಅದೇ ಕಾಲಕ್ಕೆ ಅಂಥ ಯಂತ್ರ ಸಿದ್ಧವಾಯಿತು. ಅದಕ್ಕೆ ಮುಂಚೆ ಹಾಲನ್ನು ಅಗಲವಾದ ಪಾತ್ರೆಗಳಲ್ಲಿ ಅಲುಗಿಸದೆ ಇರಿಸಿ, ಕೆನೆ ತಾನಾಗಿ ಮೇಲೇಳುವವರೆಗೆ ಕಾಯಬೇಕಾಗಿದ್ದಿತು. ಗಾಡಿಯಲ್ಲಿ ಕುಲುಕಿ ಬಂದ ಹಾಲಿನಲ್ಲಿ ಕೆನೆ ಸರಿಯಾಗಿ ಕಟ್ಟುತ್ತಿರಲಿಲ್ಲವಾದುದರಿಂದ ಹಲವು ಮನೆಗಳ ಹಾಲನ್ನು ಒಂದೆಡೆಗೆ ಸೇರಿಸುವುದು ಕಷ್ಟವಾಗಿದ್ದಿತು. ಹೊಸ ಯಂತ್ರಕ್ಕೆ ಈ ತೊಡಕಿಲ್ಲ. ಮೂರು ನಾಲ್ಕು ಹಸುಗಳ ಒಡೆಯನ ಹಾಲೂ ಮೂವತ್ತು ಹಸುಗಳ ಒಡೆಯನ ಹಾಲೂ ಒಂದೇ ಕೊಪ್ಪರಿಗೆಯನ್ನು ಸೇರಬಹುದಾಯಿತು.

1882ರಲ್ಲಿ ಪಶ್ಚಿಮ ಯೂಟ್ಲೆಂಡಿನ ಹೆಡಿಂಗ್ ಎಂಬ ಗ್ರಾಮದ ರೈತರು ಕೂಡಿ ಮೊದಲ ಸಹಕಾರಿ ಡೈರಿಯನ್ನು ಸ್ಥಾಪಿಸಿದರು. ಈ ಮಾದರಿ ಬೆರಗಾಗುವಷ್ಟು ಬೇಗ ಹಬ್ಬಿತು. 1900ರ ಹೊತ್ತಿಗೆ ಅಂಥ ಡೈರಿಗಳ ಸಂಖ್ಯೆ ಸಾವಿರವನ್ನು ದಾಟಿದ್ದಿತು. ಅವುಗಳ ನಿಯಮಗಳು ಸರಳವಾಗಿದ್ದುವು. ಸದಸ್ಯರೆಲ್ಲ ಒಟ್ಟಾಗಿ ಜಾಮೀನು ನಿಂತು ಸಾಲವೆತ್ತುವುದು. ಹಸುಗಳೆಷ್ಟಿದ್ದರೂ ಸಾಮಾನ್ಯವಾಗಿ ಒಬ್ಬನಿಗೆ ಒಂದೇ ಮತ. ಲಾಭವನ್ನು ಕೊಟ್ಟ ಹಾಲಿನ ಪ್ರಮಾಣಕ್ಕೆ ಅನುಸಾರವಾಗಿ ಹಂಚುವುದು. ಕೆನೆ ತೆಗೆದ ಹಾಲನ್ನು ರೈತನಿಗೆ ಹಿಂದಿರುಗಿಸುವುದು. ಮೊದಲು ಹಾಲಿನ ತೂಕವನ್ನು ನೋಡಿ ಹಣ ಕೊಡುತ್ತಿದ್ದರು. ನೀರು ಬೆರಸುವವನಿಗೆ ಇದು ಅನುಕೂಲವೇ ಆಗಿದ್ದಿತು. ಹಲವರ ಹಾಲಿನ ಕೆನೆಯನ್ನು ಒಮ್ಮೆಗೇ ಅಳೆಯುವ ಉಪಕರಣವನ್ನು ಫ್ಯೋರ್ಡ್ ಸಿದ್ಧಪಡಿಸಿದ ಮೇಲೆ ಜಿಡ್ಡಿನ ಅಂಶಕ್ಕೆ ತಕ್ಕಂತೆ ಬೆಲೆ ಕಟ್ಟುವ ಪದ್ಧತಿ ಬಂದಿತು. ಸಹಕಾರವು ಕೇವಲ ಸದ್ಭಾವನೆಯ ಮೇಲೆ ನಿಂತಿರಲಿಲ್ಲ, ಅಳತೆಯ ಮೇಲೆ ನಿಂತಿದ್ದಿತು ಎಂಬುದನ್ನು ಇಲ್ಲಿ ಗಮನಿಸಬೇಕು.

4

ಈಗ ಐರ್ಲೆಂಡಿನೊಡನೆ ಹೋಲಿಕೆ ಸಾರ್ಥಕವಾಗುತ್ತದೆ. ಐರಿಷ್ ಬೆಣ್ಣೆಗೆ ಪ್ರಾಚೀನವಾದ ಕೀರ್ತಿಯಿದ್ದಿತು. ಕಾರ್ಕ್ ನಗರದ ಬೆಣ್ಣೆಯ ಪೇಟೆಯಲ್ಲಿ ಹದಿನೆಂಟನೆಯ ಶತಮಾನದಿಂದಲೇ ಪೀಪಾಯಿಗಳನ್ನು ಪರೀಕ್ಷಿಸಿ ದರ್ಜೆ ಹಾಕುವ ವ್ಯವಸ್ಥೆಯಿದ್ದಿತು. ಆದರೆ ಸಾವಿರಾರು ಮನೆಗಳಲ್ಲಿ ತಯಾರಾದ ಬೆಣ್ಣೆಯನ್ನು ದರ್ಜೆಗಳಾಗಿ ವಿಂಗಡಿಸಬಹುದೇ ಹೊರತು ಒಂದೇ ಸಮನಾಗಿಸಲು ಬಾರದು. ಹೊರೇಸ್ ಪ್ಲಂಕೆಟ್‌ನ ಪ್ರೇರಣೆಯಿಂದ 1889ರಲ್ಲಿ ಡ್ರಮ್‌ಕಾಲೊಹರ್ ಎಂಬಲ್ಲಿ ಮೊದಲ ಸಹಕಾರಿ ಡೈರಿ ಅಲ್ಲಿಯೂ ಹುಟ್ಟಿತು. ಆದರೆ ಡೆನ್ಮಾರ್ಕಿನ ವೇಗ ಅಲ್ಲಿ ಕಾಣಲಿಲ್ಲ.

ಈ ವ್ಯತ್ಯಾಸವನ್ನು ಜನರ ಸ್ವಭಾವಕ್ಕೆ ಆರೋಪಿಸುವುದು ಸುಲಭ. ಇತಿಹಾಸಕಾರನಿಗೆ ಅದು ಒಪ್ಪುವ ಮಾತಲ್ಲ. ಎರಡು ಕಾರಣಗಳನ್ನು ನಾವು ಮುಖ್ಯವೆಂದು ಎಣಿಸುತ್ತೇವೆ. ಮೊದಲನೆಯದು ಋತುವಿಗೆ ಸಂಬಂಧಿಸಿದುದು. ಐರ್ಲೆಂಡಿನ ರೈತ ಹುಲ್ಲನ್ನು ನೆಚ್ಚಿದನು. ಆದುದರಿಂದ ಅವನ ಬೆಣ್ಣೆ ಬೇಸಗೆಯಲ್ಲಿ ಹೇರಳವಾಗಿಯೂ ಚಳಿಗಾಲದಲ್ಲಿ ವಿರಳವಾಗಿಯೂ ಇದ್ದಿತು. ಡೆನ್ಮಾರ್ಕಿನ ರೈತ ಕೊಟ್ಟಿಗೆಯಲ್ಲಿ ಹಿಂಡಿ ಮತ್ತು ಗೆಡ್ಡೆಗಳನ್ನು ಹಾಕಿ, ಹಸುಗಳು ಶರತ್ಕಾಲದಲ್ಲಿ ಈಯುವಂತೆ ನೋಡಿಕೊಂಡು, ವರ್ಷವಿಡೀ ಬೆಣ್ಣೆಯನ್ನು ಒದಗಿಸಿದನು. ಪ್ರಕೃತಿ ದಯಪಾಲಿಸಿದ ಹುಲ್ಲೇ ಐರ್ಲೆಂಡಿಗೆ ಒಂದರ್ಥದಲ್ಲಿ ತೊಡಕಾಯಿತು. ಲಂಡನ್ನಿನ ಅಂಗಡಿಯವನಿಗೆ ಬೇಕಾಗಿದ್ದುದು ಜೂನ್ ತಿಂಗಳ ಅತ್ಯುತ್ತಮ ಬೆಣ್ಣೆಯಲ್ಲ, ಐವತ್ತೆರಡು ವಾರಗಳೂ ತಪ್ಪದೆ ಬರುವ ಒಳ್ಳೆಯ ಬೆಣ್ಣೆ.

ಎರಡನೆಯದು ಕರಾರಿನ ಬಲ. ಡೆನ್ಮಾರ್ಕಿನ ಡೈರಿಯ ಸದಸ್ಯನು ತನ್ನ ಹಾಲನ್ನೆಲ್ಲ ಗೊತ್ತಾದ ಹಲವು ವರ್ಷಗಳವರೆಗೆ ಆ ಡೈರಿಗೇ ಕೊಡುವುದಾಗಿ ಕರಾರಿಗೆ ಸಹಿ ಮಾಡುತ್ತಿದ್ದನು. ಮನೆಯ ಬಳಕೆಗೆ ಇಟ್ಟುಕೊಳ್ಳುವುದಕ್ಕೆ ಮಾತ್ರ ವಿನಾಯಿತಿ. ಈ ಕರಾರಿನ ಆಧಾರದ ಮೇಲೆಯೇ ಸಾಲ ಹುಟ್ಟುತ್ತಿದ್ದಿತು, ಯಂತ್ರ ಬರುತ್ತಿದ್ದಿತು. ಅಲ್ಲಿಯ ಕಾನೂನು ಅದನ್ನು ಮಾನ್ಯಮಾಡಿತು. ಐರ್ಲೆಂಡಿನಲ್ಲಿ ಅಂಥ ನಿಬಂಧನೆ ಬಹುಕಾಲ ವ್ಯಾಜ್ಯದ ವಿಷಯವಾಗಿದ್ದು, ಕಡೆಗೆ 1919ರಲ್ಲಿ ಬ್ರಿಟಿಷ್ ಲಾರ್ಡ್ಸ್ ಸಭೆ ಬ್ಯಾಲಿಮಾಸೆಲ್ಲಿಗಟ್ ಸಂಘದ ಮೊಕದ್ದಮೆಯಲ್ಲಿ ಅದನ್ನು ವ್ಯಾಪಾರಸ್ವಾತಂತ್ರ್ಯಕ್ಕೆ ಅನುಚಿತವಾದ ನಿರ್ಬಂಧವೆಂದು ಅಸಿಂಧುಗೊಳಿಸಿತು. ನೆರೆಯ ವ್ಯಾಪಾರಿ ಒಂದು ಕಾಸು ಹೆಚ್ಚು ಕೊಟ್ಟ ದಿನ ಸದಸ್ಯ ಬಿಟ್ಟುಹೋಗಬಹುದಾದ ಸಂಘವು ಯಂತ್ರಕ್ಕೆ ಬಂಡವಾಳ ಹಾಕಲು ಹೇಗೆ ಧೈರ್ಯಮಾಡೀತು?

5

ಹಾಲು ಸೇರಿತು, ಬೆಣ್ಣೆಯಾಯಿತು. ಸಮುದ್ರದಾಚೆಯ ಗಿರಾಕಿ ಅದನ್ನು ನಂಬಬೇಕಲ್ಲವೆ? ಹೋಲ್‌ಸ್ಟೈನ್ ಕೈಬಿಟ್ಟ ಮೇಲೆ ಡೆನ್ಮಾರ್ಕಿಗೆ ಪಶ್ಚಿಮ ಸಮುದ್ರದ ಮೇಲೆ ಸ್ವಂತ ಬಂದರು ಅವಶ್ಯವಾಯಿತು. 1868ರ ಶಾಸನದಂತೆ ಎಸ್‌ಬ್ಯೆರ್ಗಿನಲ್ಲಿ ಬಂದರನ್ನು ಕಟ್ಟಿ, 1874ರಲ್ಲಿ ತೆರೆದರು; ಅಲ್ಲಿಂದ ಹಡಗು ನೇರವಾಗಿ ಇಂಗ್ಲೆಂಡಿಗೆ ಹೊರಟಿತು. ಇನ್ನು ಗುಣದ ವಿಷಯ. 1889ರಿಂದ ಒಂದು ವಿಶಿಷ್ಟವಾದ ಪರೀಕ್ಷಾಕ್ರಮ ಆಚರಣೆಗೆ ಬಂದಿತು. ಯಾವುದಾದರೊಂದು ಡೈರಿಗೆ ಮುನ್ಸೂಚನೆಯಿಲ್ಲದೆ ತಂತಿ ಬರುತ್ತಿದ್ದಿತು. ಸಿದ್ಧವಾಗಿರುವ ಬೆಣ್ಣೆಯ ಪೀಪಾಯಿಯೊಂದನ್ನು ಕೂಡಲೇ ಕೋಪನ್‌ಹೇಗನ್ನಿನ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಪ್ರದರ್ಶನಕ್ಕಾಗಿ ವಿಶೇಷವಾಗಿ ತಯಾರಿಸಿದ ಬೆಣ್ಣೆಯಲ್ಲ, ಪ್ರತಿನಿತ್ಯದ ಬೆಣ್ಣೆಯೇ ಪರೀಕ್ಷೆಗೆ ಒಳಗಾಗುತ್ತಿದ್ದಿತು.

1901ರಲ್ಲಿ ಡೈರಿಗಳ ಸಂಘಗಳು ‘ಲೂರ್’ ಎಂಬ ಮುದ್ರೆಯನ್ನು ನೋಂದಾಯಿಸಿದುವು. ಲೂರ್ ಎಂದರೆ ಕಂಚಿನ ಯುಗದ ಒಂದು ಬಗೆಯ ಕಹಳೆ. 1906ರ ಶಾಸನದಿಂದ ಅದಕ್ಕೆ ಸರ್ಕಾರದ ಮನ್ನಣೆ ಬಂದಿತು. ಬೆಣ್ಣೆಯಲ್ಲಿ ನೀರಿನ ಅಂಶ ನೂರಕ್ಕೆ 16ನ್ನು ಮೀರಕೂಡದೆಂದು ವಿಧಿಸಲಾಯಿತು. ಒಂದು ಡೈರಿಯ ಕಳಪೆ ಬೆಣ್ಣೆ ಸಾವಿರ ಡೈರಿಗಳ ಹೆಸರನ್ನು ಕೆಡಿಸಬಲ್ಲುದಾದುದರಿಂದ, ಪರಸ್ಪರ ಕಾವಲು ಎಲ್ಲರ ಹಿತವೂ ಆಯಿತು. ಮೊದಲನೆಯ ಮಹಾಯುದ್ಧದ ಮುನ್ನ ಬ್ರಿಟನ್ ಹೊರಗಿನಿಂದ ತರಿಸುತ್ತಿದ್ದ ಬೆಣ್ಣೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಡೆನ್ಮಾರ್ಕಿನದಾಗಿದ್ದಿತು.

ಒಂದು ಕಸುಬಿನ ಉಳಿಕೆ ಇನ್ನೊಂದಕ್ಕೆ ಮೂಲವಾಯಿತೆಂಬುದನ್ನೂ ಹೇಳಬೇಕು. ಕೆನೆ ತೆಗೆದ ಹಾಲು ಹಂದಿಗಳಿಗೆ ಆಹಾರವಾಯಿತು. 1887ರಲ್ಲಿ ಜರ್ಮನಿ ರೋಗಭಯದಿಂದ ಜೀವಂತ ಹಂದಿಗಳ ಆಮದನ್ನು ನಿಷೇಧಿಸಿದಾಗ, ಅದೇ ವರ್ಷ ಹೋರ್ಸೆನ್ಸ್ ಪಟ್ಟಣದಲ್ಲಿ ರೈತರ ಸಹಕಾರಿ ಕಸಾಯಿಖಾನೆ ಪ್ರಾರಂಭವಾಗಿ, ಉಪ್ಪು ಹಾಕಿ ಹದಗೊಳಿಸಿದ ಮಾಂಸ ಇಂಗ್ಲೆಂಡಿಗೆ ಹೊರಟಿತು. 1895ರಲ್ಲಿ ಸ್ಥಾಪಿತವಾದ ಮೊಟ್ಟೆಯ ರಫ್ತು ಸಂಘದಲ್ಲಿ ಪ್ರತಿ ಮೊಟ್ಟೆಯ ಮೇಲೂ ಮುದ್ರೆಯೊತ್ತುತ್ತಿದ್ದರು. ಕೆಟ್ಟ ಮೊಟ್ಟೆ ಬಂದರೆ ಅದು ಯಾವ ರೈತನದೆಂದು ಗೊತ್ತಾಗುತ್ತಿದ್ದಿತು.

6

ಈ ಇತಿಹಾಸಕ್ಕೆ ಇನ್ನೊಂದು ಮುಖವುಂಟು. ಹಳೆಯ ಕಾಲದಲ್ಲಿ ಬೆಣ್ಣೆ ಹೆಂಗಸರ ಕೆಲಸವಾಗಿದ್ದಿತು. ಎಸ್ಟೇಟಿನಲ್ಲಿಯೂ ರೈತನ ಮನೆಯಲ್ಲಿಯೂ ಅದರ ಹದವನ್ನು ಬಲ್ಲವಳು ಹೆಣ್ಣು. ಯಂತ್ರವೂ ಡೈರಿಯೂ ಬಂದ ಮೇಲೆ ಆ ಸ್ಥಾನ ಬಹುಮಟ್ಟಿಗೆ ಗಂಡಸರದಾಯಿತು. ಭೂಮಿಯಿಲ್ಲದ ಕೂಲಿಗಾರನಿಗೆ ಒಂದು ಮತದ ಹಕ್ಕಿನಿಂದ ಬಂದುದೇನೂ ಇಲ್ಲ. ಹಸುವಿಲ್ಲದವನು ಡೈರಿಯ ಸದಸ್ಯನಲ್ಲ.

ಒಂದೇ ಗಿರಾಕಿಯನ್ನು ನಂಬಿದ ಅಪಾಯವೂ ಕಾಲಕ್ರಮದಲ್ಲಿ ಪ್ರಕಟವಾಯಿತು. ಶೈತ್ಯಯಂತ್ರವುಳ್ಳ ಹಡಗುಗಳು ನ್ಯೂಜಿಲೆಂಡನ್ನು ಲಂಡನ್ನಿನ ಸಮೀಪಕ್ಕೆ ತಂದುವು. 1932ರ ಒಟ್ಟಾವ ಒಪ್ಪಂದದಲ್ಲಿ ಬ್ರಿಟನ್ ತನ್ನ ಸಾಮ್ರಾಜ್ಯದ ಸರಕುಗಳಿಗೆ ಪ್ರಾಶಸ್ತ್ಯ ಕೊಟ್ಟಾಗ ಲೂರ್ ಮುದ್ರೆಯಿಂದಲೂ ಡೆನ್ಮಾರ್ಕನ್ನು ಪೂರ್ಣವಾಗಿ ಕಾಪಾಡಲಾಗಲಿಲ್ಲ. 1933ರ ಜನವರಿಯಲ್ಲಿ ಅದು ತನ್ನ ನಾಣ್ಯದ ಬೆಲೆಯನ್ನು ಇಳಿಸಬೇಕಾಯಿತು. 1973ರಲ್ಲಿ ಬ್ರಿಟನ್ ಮತ್ತು ಐರ್ಲೆಂಡುಗಳ ಜೊತೆಯಲ್ಲಿಯೇ ಅದು ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿದುದಕ್ಕೆ ಈ ಮಾರುಕಟ್ಟೆಯ ಅನುಬಂಧವೇ ಒಂದು ಮುಖ್ಯ ಕಾರಣ.

ನಾವು ಆರಂಭಿಸಿದ ಪ್ರಶ್ನೆಗೆ ಹಿಂದಿರುಗೋಣ. ಡೆನ್ಮಾರ್ಕಿನ ಕೃಷಿಗೆ ಬಲ ಬಂದುದು ನೆಲದಿಂದಲ್ಲ. ಅಗ್ಗದ ಬೆಲೆಯಿಂದಲೂ ಅಲ್ಲ, ಏಕೆಂದರೆ ಅದರ ಬೆಣ್ಣೆ ದುಬಾರಿಯಾಗಿಯೇ ಮಾರಾಟವಾಗುತ್ತಿದ್ದಿತು. ಎಂದೂ ನೋಡದ ಗಿರಾಕಿಗೆ ‘ಕಳೆದ ವಾರದ ಬೆಣ್ಣೆಯಂತೆಯೇ ಈ ವಾರದ್ದೂ ಇರುತ್ತದೆ’ ಎಂದು ಮಾತು ಕೊಟ್ಟು ಅದನ್ನು ನಡೆಸಬಲ್ಲ ವ್ಯವಸ್ಥೆಯೇ ಅದರ ಬಲ. ಆ ವ್ಯವಸ್ಥೆಯ ಹಿಂದೆ ಎಸ್ಟೇಟುಗಳ ನೂರು ವರ್ಷದ ಲೆಕ್ಕವಿದ್ದಿತು, ಕಾಲೇಜಿನ ಪ್ರಯೋಗವಿದ್ದಿತು, ನ್ಯಾಯಾಲಯ ಮಾನ್ಯಮಾಡಿದ ಕರಾರಿದ್ದಿತು. ಸಹಕಾರ ಸಂಘವು ಇವೆಲ್ಲವುಗಳ ಫಲ. ಬೇರುಗಳನ್ನು ಬಿಟ್ಟು ಫಲವನ್ನು ಮಾತ್ರ ಬೇರೆಡೆಗೆ ಕೊಂಡೊಯ್ದವರು ಅದು ಚಿಗುರಲಿಲ್ಲವೆಂದು ಆಶ್ಚರ್ಯಪಡಬೇಕಾದುದಿಲ್ಲ.