ಎಷ್ಟು ಉರಿಸಿದಿರಿ ಅನ್ನೋದೇ ಅಳತೆ: ಕರೆಂಟ್ ರಿಯಾಯಿತಿಯ ಹಿಂದಿನ ಕಥೆ

ನಿಮ್ಮ ಮನೆಯ ಕರೆಂಟ್ ಬಿಲ್ ಒಮ್ಮೆ ಕೈಗೆತ್ತಿಕೊಳ್ಳಿ. ಗೃಹಜ್ಯೋತಿ ಇದ್ದರೆ ನಿಮಗೆ ಎಷ್ಟು ಯೂನಿಟ್ ಉಚಿತ ಅನ್ನೋದು ಗೊತ್ತಾಗುತ್ತದೆ. ಪಕ್ಕದ ಮನೆಯ ಲೆಕ್ಕ ಬೇರೆ, ಬೆಂಗಳೂರಿನ ಬಸವನಗುಡಿಯಲ್ಲಿರುವ ನಿಮ್ಮ ನೆಂಟರ ಲೆಕ್ಕ ಇನ್ನೂ ಬೇರೆ. ಎಲ್ಲರೂ ಕೇಳಿದ್ದು 200 ಯೂನಿಟ್ ಅಂತ. ನಮಗೆ ಮಾತ್ರ ಯಾಕೆ 40?

ಇದಕ್ಕೆ ಉತ್ತರ ಬೇಕಾದರೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

1902ರಲ್ಲಿ ಕಾವೇರಿ ನದಿಯ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿತು. ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ ಅದು. ಆ ಕರೆಂಟ್ ಮೊದಲು ಹೋಗಿದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಗಣಿಗೆ ಹಗಲೂ ರಾತ್ರಿ ಕರೆಂಟ್ ಬೇಕಿತ್ತು, ದುಡ್ಡು ಕಟ್ಟುವ ಶಕ್ತಿಯೂ ಇತ್ತು. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಎಣ್ಣೆ ದೀಪವೇ ಉಳಿಯಿತು. ಯಾರಿಗೆ ಹೆಚ್ಚು ಬೇಕೋ ಅವರಿಗೆ ಮೊದಲು ಅನ್ನುವ ಅಳತೆ ಅಲ್ಲಿಂದಲೇ ಶುರು.

ಬೆಂಗಳೂರಿಗೆ ಕರೆಂಟ್ ಬಂದಿದ್ದು 1905ರ ಆಗಸ್ಟ್‌ನಲ್ಲಿ. ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರ ಬೀದಿದೀಪ ಹತ್ತಿತು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಚಾಮರಾಜಪೇಟೆ ಇದೆ. 1892ರಲ್ಲಿ ಕಟ್ಟಿದ ಬಡಾವಣೆ ಅದು. 1898ರ ಪ್ಲೇಗ್ ಆದಮೇಲೆ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಂದ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಹೀಗೆ ಕರೆಂಟೂ ಹೊಸ ಬಡಾವಣೆಗಳೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಂದವು.

ಹಳ್ಳಿಯ ಬಡವರ ಮನೆಗೆ ಸರದಿ ಬರಲು ಬಹಳ ಕಾಲ ಹಿಡಿಯಿತು. 1970ರ ದಶಕದ ಕೊನೆಯಲ್ಲಿ ಭಾಗ್ಯಜ್ಯೋತಿ ಬಂತು. ಗುಡಿಸಲಿಗೆ ಒಂದು ಬಲ್ಬು! ಇಲ್ಲಿ ಅಳತೆ ಬದಲಾಯಿತು. ಎಷ್ಟು ಬಳಸುತ್ತೀರಿ ಅಂತಲ್ಲ, ಎಷ್ಟು ಬಡವರು ಅಂತ ನೋಡಿದರು. ಮುಂದೆ ಈ ಮನೆಗಳಿಗೆ ತಿಂಗಳಿಗೆ 40 ಯೂನಿಟ್‌ವರೆಗೆ ಉಚಿತವಾಯಿತು. ರೈತರ ಪಂಪ್‌ಸೆಟ್‌ಗೆ ಇನ್ನೊಂದು ಅಳತೆ: ಮೋಟಾರು 10 ಎಚ್‌ಪಿ ಒಳಗಿದ್ದರೆ ಬಿಲ್ ಇಲ್ಲ.

2023ರಲ್ಲಿ ಗೃಹಜ್ಯೋತಿ ಬಂತು. ಜೂನ್ 18ರಿಂದ ಅರ್ಜಿ ತೆಗೆದುಕೊಂಡರು. ಜುಲೈನಲ್ಲಿ ಬಳಸಿದ ಕರೆಂಟಿಗೆ ಆಗಸ್ಟ್‌ನಲ್ಲಿ ಸೊನ್ನೆ ಬಿಲ್ ಬಂತು. ಬೆಂಗಳೂರಲ್ಲಿ ಮೊದಲ ದೀಪ ಹತ್ತಿದ ತಿಂಗಳೂ ಆಗಸ್ಟೇ. ಆದರೆ ಯೋಜನೆಯ ಉದ್ಘಾಟನೆ ಈ ಸಲ ಕಲಬುರಗಿಯಲ್ಲಿ ಆಯಿತು.

ಲೆಕ್ಕ ಹೀಗಿತ್ತು: 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿದ್ದಿರೋ ಅಷ್ಟು, ಅದರ ಮೇಲೆ ಶೇ. 10. ಒಟ್ಟು 200 ಮೀರುವಂತಿಲ್ಲ. ನಿಮ್ಮ ಪಾಲಿಗಿಂತ ಹೆಚ್ಚು ಬಳಸಿದರೆ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಚಾಮರಾಜಪೇಟೆಯ ಒಂದು ಮನೆಯಲ್ಲಿ ಫ್ರಿಜ್, ಮಿಕ್ಸಿ, ಟಿವಿ ಎಲ್ಲ ಸೇರಿ 150 ಯೂನಿಟ್ ಅಂತ ಇಟ್ಟುಕೊಳ್ಳಿ. ಅವರಿಗೆ 165 ಉಚಿತ. ಹಳ್ಳಿಯ ಮನೆಯಲ್ಲಿ 30 ಯೂನಿಟ್ ಅಂತಾದರೆ 33 ಉಚಿತ. ಶೇಕಡಾವಾರು ನೋಡಿದರೆ ಇಬ್ಬರಿಗೂ ಒಂದೇ. ಕೈಗೆ ಸಿಕ್ಕಿದ್ದು ಅಲ್ಲಿ 15, ಇಲ್ಲಿ 3.

ಇನ್ನೂ ಒಂದು ಮಾತಿದೆ. ಹಳ್ಳಿಯ ಮನೆ ಕಡಿಮೆ ಬಳಸಿದ್ದು ಬೇಡ ಅಂತಲೇ ಇರಬೇಕಿಲ್ಲ. ಸಂಜೆ ಕರೆಂಟ್ ಹೋದರೆ ಮೀಟರ್ ಓಡುವುದಿಲ್ಲ. ಮೀಟರ್ ಓಡದಿದ್ದರೆ ಸರಾಸರಿ ಏರುವುದಿಲ್ಲ. ಕತ್ತಲಲ್ಲಿ ಕೂತ ಗಂಟೆಗಳೂ ‘ಇವರಿಗೆ ಹೆಚ್ಚು ಬೇಕಿಲ್ಲ’ ಅನ್ನುವ ಲೆಕ್ಕಕ್ಕೇ ಸೇರುತ್ತವೆ.

ಈ ಅಳತೆ ಕಲ್ಲಲ್ಲಿ ಕೆತ್ತಿದ್ದಲ್ಲ ಅನ್ನೋದು ಆರೇಳು ತಿಂಗಳಲ್ಲೇ ಗೊತ್ತಾಯಿತು. 2024ರ ಜನವರಿಯಲ್ಲಿ ಸಚಿವ ಸಂಪುಟ ಲೆಕ್ಕವನ್ನು ತಿದ್ದಿತು. 48 ಯೂನಿಟ್‌ವರೆಗೆ ಬಳಸುವ ಮನೆಗಳಿಗೆ ಶೇ. 10ರ ಬದಲು ನೇರವಾಗಿ 10 ಯೂನಿಟ್ ಹೆಚ್ಚು. 30 ಯೂನಿಟ್ ಮನೆಗೆ 33 ಇದ್ದದ್ದು 40 ಆಯಿತು. ದೊಡ್ಡ ಬದಲಾವಣೆ ಅಲ್ಲ. ಆದರೆ ಕಡಿಮೆ ಬಳಸುವವರಿಗೆ ಅನ್ಯಾಯವಾಗದಂತೆ ಲೆಕ್ಕ ಹಾಕಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಈಗ ಬ್ಯಾಟರಿಯ ವಿಷಯ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿ ಇರುವುದು ಹೊಸದೇನಲ್ಲ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1.8 ಯೂನಿಟ್ ಹಿಡಿಯುತ್ತದೆ, ಬಳಕೆಗೆ ಸಿಗುವುದು ಅದಕ್ಕಿಂತ ಕಡಿಮೆ. ನಾಲ್ಕು ದೀಪ, ಎರಡು ಫ್ಯಾನ್ ಕೆಲವು ಗಂಟೆ ನಡೆಯುತ್ತವೆ. ಅದನ್ನು ಕೊಂಡದ್ದು ಸ್ವಂತ ದುಡ್ಡಲ್ಲಿ.

2024ರ ಫೆಬ್ರವರಿಯಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂತು. ಚಾವಣಿಯ ಸೋಲಾರ್‌ಗೆ ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ಕ್ಕೆ ಮಿತಿ. ಎಷ್ಟು ದೊಡ್ಡದು ಹಾಕಿಸಬೇಕು ಅನ್ನೋ ಸಲಹೆಯೂ ಬಳಕೆಯ ಮೇಲೇ ನಿಂತಿದೆ. ತಿಂಗಳಿಗೆ 150 ಯೂನಿಟ್‌ವರೆಗಿದ್ದರೆ 1ರಿಂದ 2 ಕಿಲೋವ್ಯಾಟ್, 150ರಿಂದ 300 ಇದ್ದರೆ 2ರಿಂದ 3. ಸಹಾಯಧನ ಸೋಲಾರ್ ಫಲಕದ ಲೆಕ್ಕದಲ್ಲಿದೆ. ಬ್ಯಾಟರಿಗೆ ಅಂತ ಇದರಲ್ಲಿ ಬೇರೆ ದುಡ್ಡಿಲ್ಲ.

ಬೇರೆ ದೇಶಗಳಲ್ಲಿ ಬ್ಯಾಟರಿಗೂ ಕೊಡುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ 2025ರ ಜುಲೈ 1ರಿಂದ ಮನೆಯ ಸೋಲಾರ್ ಬ್ಯಾಟರಿಗೆ ಸುಮಾರು ಶೇ. 30 ರಿಯಾಯಿತಿ ಶುರುವಾಯಿತು. ಅಲ್ಲಿ ಬ್ಯಾಟರಿ ಎಷ್ಟು ಯೂನಿಟ್ ಹಿಡಿಯುತ್ತದೆ ಅನ್ನೋದೇ ಅಳತೆ. ದೊಡ್ಡ ಬ್ಯಾಟರಿ ಕೊಳ್ಳುವವರಿಗೆ ದೊಡ್ಡ ಮೊತ್ತ.

ನಮ್ಮಲ್ಲೂ ಇಂಥದ್ದು ಬರುವ ದಿನ ದೂರವಿಲ್ಲ ಅಂತ ನಮಗನಿಸುತ್ತದೆ. ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಜಮೀನಿನ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಫಲಕಗಳಿವೆ. ಬಿಸಿಲು ಸಂಜೆಗೆ ಮುಗಿಯುತ್ತದೆ, ಮನೆಗಳಿಗೆ ಕರೆಂಟ್ ಬೇಕಾಗುವುದು ಆಗಲೇ. ಹಗಲಿನದನ್ನು ಸಂಜೆಗೆ ಕೂಡಿಡುವ ಕೆಲಸ ಎಲ್ಲೋ ಒಂದು ಕಡೆ ಆಗಲೇಬೇಕು.

ಆ ದಿನ ಬಂದಾಗ ಅರ್ಜಿಯಲ್ಲಿ ‘ನಿಮ್ಮ ಸರಾಸರಿ ಬಳಕೆ ಎಷ್ಟು?’ ಅಂತ ಕೇಳುತ್ತಾರೆ. ಅದನ್ನಷ್ಟೇ ಕೇಳಿದರೆ ದಿನವಿಡೀ ಕರೆಂಟ್ ಇರುವ ಮನೆ ಮತ್ತೆ ಮುಂದೆ ಹೋಗುತ್ತದೆ. ಬ್ಯಾಟರಿ ಹೆಚ್ಚು ಬೇಕಾದದ್ದು ಕರೆಂಟ್ ಹೋಗುವ ಮನೆಗೆ. ಹಾಗಾಗಿ ‘ಸಂಜೆ ಎಷ್ಟು ಗಂಟೆ ಕರೆಂಟ್ ಇರಲ್ಲ?’ ಅಂತಲೂ ಕೇಳಬೇಕು. ಗಣಿಗೆ ತಂತಿ ಎಳೆದಾಗ ದಾರಿಯ ಹಳ್ಳಿಗಳನ್ನು ಯಾರೂ ಕೇಳಲಿಲ್ಲ. ಈಗ ನಮ್ಮನ್ನು ಕೇಳದಿದ್ದರೆ ನಾವೇ ಹೇಳಬೇಕು.

ಅದಕ್ಕೆ ಇವತ್ತೇ ಒಂದು ಕೆಲಸ ಶುರು ಮಾಡಿ. ಬಿಲ್ಲುಗಳನ್ನು ಎಸೆಯಬೇಡಿ, ಒಂದು ಕಡೆ ಚುಚ್ಚಿಡಿ. ಪಕ್ಕದ ಕ್ಯಾಲೆಂಡರಿನಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆದಿಡಿ. ಮೀಟರ್ ಬರೆಯದ ಲೆಕ್ಕ ನಿಮ್ಮ ಹತ್ತಿರ ಇರಲಿ.