ಬಾಸ್ಕರ ನುಡಿ, ಕೆಲ್ಟರ ನೆತ್ತರು: ಒಂದು ತಿದ್ದುಪಡಿ

ಹತ್ತನೆಯ ತರಗತಿಯ ಇತಿಹಾಸ ಪಾಠದಲ್ಲಿ ನಾನು ಆಡಿದ ಮಾತೊಂದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: "ಬಾಸ್ಕರು ಶಿಲಾಯುಗದಿಂದ ಬೆರಕೆಯಿಲ್ಲದೆ ಉಳಿದುಬಂದ ಜನ, ಅವರ ಭಾಷೆಯೇ ಅದಕ್ಕೆ ಸಾಕ್ಷಿ." ಆ ಮಾತು ತಪ್ಪು. ನಿವೃತ್ತರಾದ ಮೇಲಾದರೂ ಮೇಷ್ಟರು ತಮ್ಮ ತಪ್ಪನ್ನು ತಿದ್ದಿಕೊಳ್ಳಬೇಕಲ್ಲವೇ?

ಪಿರೆನೀಸ್ ಪರ್ವತದ ಪಶ್ಚಿಮ ಮಗ್ಗುಲಲ್ಲಿ, ಸ್ಪೇನ್ ಮತ್ತು ಫ್ರಾನ್ಸ್‌ಗಳೆರಡರಲ್ಲೂ ಆಡುವ ಬಾಸ್ಕ್ ನುಡಿಗೆ ಒಡಹುಟ್ಟು ಯಾವುದೂ ಇಂದು ಉಳಿದಿಲ್ಲ. ಸುತ್ತಲಿನ ಸ್ಪ್ಯಾನಿಷ್, ಫ್ರೆಂಚ್‌ಗಳೂ ದೂರದ ಐರಿಷ್, ವೆಲ್ಷ್ ಮುಂತಾದ ಕೆಲ್ಟಿಕ್ ನುಡಿಗಳೂ ಇಂಡೋ-ಯುರೋಪಿಯನ್ ಕುಟುಂಬದವು. ಬಾಸ್ಕ್ ಆ ಮನೆಯದಲ್ಲ. ಆದುದರಿಂದಲೇ ಅದಕ್ಕೆ ನೆಂಟರನ್ನು ಹುಡುಕುವ ಹಂಬಲ. 1821ರಲ್ಲಿ ಹಂಬೋಲ್ಟರು ಪ್ರಾಚೀನ ಇಬೇರಿಯನ್ನರನ್ನು ತೋರಿಸಿದರು. 1920ರ ದಶಕದಲ್ಲಿ ಗೋಮೆಸ್-ಮೊರೆನೊ ಇಬೇರಿಯನ್ ಲಿಪಿಯನ್ನು ಬಿಡಿಸಿದಾಗ ಅಕ್ಷರಗಳನ್ನು ಓದಲು ಬಂದಿತೇ ಹೊರತು, ಬಾಸ್ಕ್ ಬಲ್ಲವರಿಗೂ ಅರ್ಥ ದಕ್ಕಲಿಲ್ಲ. 1963ರಲ್ಲಿ ಲಹೋವರಿ ಎಂಬುವರು ನಮ್ಮ ದ್ರಾವಿಡ ಭಾಷೆಗಳೊಡನೆಯೇ ನಂಟು ಬೆಸೆದರು. ಅದನ್ನೂ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಗಟ್ಟಿ ಆಧಾರವಿರುವುದು ರೋಮನ್ ಕಾಲದ ಅಕ್ವಿಟೇನಿಯಾದ ಶಾಸನಗಳಲ್ಲಿ. ಅಲ್ಲಿ ವ್ಯಕ್ತಿನಾಮವಾಗಿ ಬರುವ 'ನೆಸ್ಕಾತೊ' ಎಂಬುದಕ್ಕೆ ಬಾಸ್ಕಿನಲ್ಲಿ ಇಂದಿಗೂ ಹುಡುಗಿ ಎಂದರ್ಥ.

ಕೆಲ್ಟರ ಕಥೆಯೂ ಇಂಥದೇ. ಗ್ರೀಕರು ಆ ಹೆಸರಿನಿಂದ ಕರೆದದ್ದು ಯುರೋಪಿನ ಮುಖ್ಯಭೂಮಿಯ ಜನರನ್ನು. ಐರಿಷ್, ವೆಲ್ಷ್, ಬ್ರೆಟನ್ ನುಡಿಗಳ ಸಂಬಂಧವನ್ನು 1707ರಲ್ಲಿ ಎಡ್ವರ್ಡ್ ಲ್ವಿಡ್ ತೋರಿಸಿದ ಮೇಲೆಯೇ ಅದು ಆ ನಾಡುಗಳವರಿಗೂ ಅಂಟಿತು. 2006ರಲ್ಲಿ ಸ್ಟೀಫನ್ ಆಪನ್‌ಹೈಮರ್, ಐರಿಷರ ಮತ್ತು ಬ್ರಿಟಿಷರ ಪೂರ್ವಜರಲ್ಲಿ ಹೆಚ್ಚಿನವರು ಹಿಮಯುಗದ ತರುವಾಯ ಬಾಸ್ಕ್ ಸೀಮೆಯ ಕಡೆಯಿಂದ ಬಂದವರೆಂದು ಬರೆದರು. ನಾನೂ ತಲೆದೂಗಿದ್ದೆ.

ಆಮೇಲೆ ಹಳೆಯ ಅಸ್ಥಿಗಳೇ ಮಾತನಾಡಿದವು. ಕ್ರಿ.ಪೂ. 2400ರ ನಂತರದ ಕೆಲವು ಶತಮಾನಗಳಲ್ಲಿ ಬ್ರಿಟನ್ನಿನ ವಂಶವಾಹಿನಿ ಶೇ. 90ರಷ್ಟು ಬದಲಾಯಿತೆಂದು 2018ರ ಡಿಎನ್‌ಎ ಅಧ್ಯಯನ ತಿಳಿಸಿತು. ಕ್ರಿ.ಪೂ. 2000ದ ಹೊತ್ತಿಗೆ ಸ್ಪೇನ್-ಪೋರ್ಚುಗಲ್‌ಗಳಲ್ಲಿಯೂ ಹಳೆಯ ಪಿತೃವಂಶಗಳು ಬಹುತೇಕ ಅಳಿದು, ಹುಲ್ಲುಗಾವಲಿನ ಮೂಲದವರ ವಂಶಗಳು ನೆಲೆಸಿದುವೆಂದು 2019ರ ಅಧ್ಯಯನ ತೋರಿಸಿತು. ಬಾಸ್ಕರೂ ಇದಕ್ಕೆ ಹೊರತಲ್ಲ. ನೆತ್ತರು ಬೆರೆಯಿತು, ನುಡಿ ಮಾತ್ರ ಉಳಿಯಿತು.

ಭಾಷೆಯೂ ರಕ್ತವೂ ಒಂದೇ ದಾರಿಯಲ್ಲಿ ನಡೆಯುತ್ತವೆಂದು ನಿಮಗೆ ಕಲಿಸಿದ ನಾನು ಈಗ ಕಲಿತದ್ದು ಇಷ್ಟು. ಬಾಸ್ಕರು ತಮ್ಮನ್ನು 'ಎವುಸ್ಕಾಲ್ದುನ್' ಎಂದು ಕರೆದುಕೊಳ್ಳುತ್ತಾರೆ. ಆ ಪದದ ಅರ್ಥ ಬಾಸ್ಕ್ ಕುಲದವನೆಂದಲ್ಲ, ಬಾಸ್ಕ್ ನುಡಿಯುಳ್ಳವನೆಂದು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮ್ಮಲ್ಲಿ ಕೆಲವರಿಗೆ ಇದು ನನಗಿಂತ ಬೇಗ ಅರ್ಥವಾದೀತು.