ಬರಡು ಮತ್ತು ಅದರ ಸಮಾನಾರ್ಥಕ ಪದಗಳು

ಬರಡು ಎಂಬುದು ‘ಫಲ ನೀಡದ’, ‘ಸಾರವಿಲ್ಲದ’ ಎಂಬ ಅರ್ಥವನ್ನು ಕೊಡುವ ಕನ್ನಡದ ಒಂದು ಗುಣವಾಚಕ. ಬಂಜರು, ಬೀಳು, ಪಾಳು, ಬೋಳು, ಒಣ, ಬೆಂಗಾಡು, ಗೊಡ್ಡು ಮುಂತಾದ ಪದಗಳನ್ನು ಇದರ ಸಮಾನಾರ್ಥಕಗಳೆಂದು ಒಟ್ಟಿಗೆ ಪಟ್ಟಿ ಮಾಡುವುದುಂಟು. ಆದರೆ ಬಳಕೆಯಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುವುದು ಅಪರೂಪ. ಒಂದು ಪದ ವಸ್ತುವಿನ ಸ್ವಭಾವವನ್ನು ಹೇಳಿದರೆ, ಇನ್ನೊಂದು ಮನುಷ್ಯರು ಅದನ್ನು ಕೈಬಿಟ್ಟದ್ದನ್ನು, ಮತ್ತೊಂದು ಕೇವಲ ನೀರಿನ ಅಭಾವವನ್ನು ಹೇಳುತ್ತದೆ. ಈ ಲೇಖನದ ಉದಾಹರಣೆಗಳನ್ನು ಹೆಚ್ಚಾಗಿ ಚಾಮರಾಜನಗರ ಜಿಲ್ಲೆಯಿಂದ, ವಿಶೇಷವಾಗಿ ಗುಂಡ್ಲುಪೇಟೆ ತಾಲ್ಲೂಕಿನಿಂದ ಆಯ್ದುಕೊಳ್ಳಲಾಗಿದೆ. ಮಳೆನೆರಳಿನ ಬಯಲು, ಹುಲ್ಲು ಹೊದ್ದ ಬೆಟ್ಟ, ಕಾಡಂಚಿನ ಗೋಮಾಳ ಇವೆಲ್ಲ ಅಲ್ಲಿ ಒತ್ತೊತ್ತಾಗಿರುವುದರಿಂದ ಪದಗಳ ನಡುವಣ ವ್ಯತ್ಯಾಸ ಸುಲಭವಾಗಿ ಕಾಣುತ್ತದೆ.

ವ್ಯುತ್ಪತ್ತಿ

‘ಬರಡು’ ದ್ರಾವಿಡ ಮೂಲದ್ದು. ಕ್ಷಾಮವೆಂಬ ಅರ್ಥದ ‘ಬರ’ವೂ ಇದರ ಬಳಗಕ್ಕೇ ಸೇರುತ್ತದೆ. ತಮಿಳಿನಲ್ಲಿ ಇದರ ಜ್ಞಾತಿಪದಗಳು ಒಣಗುವಿಕೆಯನ್ನೂ ಈಯದ ಹಸುವನ್ನೂ ಸೂಚಿಸುತ್ತವೆ. ಕನ್ನಡದಲ್ಲಿಯೂ ಈ ಪದ ಮೊದಲಿನಿಂದ ನೆಲಕ್ಕಷ್ಟೇ ಸೀಮಿತವಾಗಿರಲಿಲ್ಲ. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ‘ಬರಡು’ ಎಂದರೆ ಹಾಲು ಕರೆಯದ ಹಸು. ‘ಹಯನು’ ಅದರ ವಿರುದ್ಧಪದ. ‘ಬಂಜೆ’ಯು ಸಂಸ್ಕೃತದ ‘ವಂಧ್ಯಾ’ ಶಬ್ದದ ತದ್ಭವ. ‘ಬಂಜರು’ ಉತ್ತರದ ಭಾಷೆಗಳಿಂದ ಬಂದ ಪದ.

ಭೂಮಿಗೆ ಸಂಬಂಧಿಸಿದ ಬಳಕೆ

ವ್ಯತ್ಯಾಸ ಅತ್ಯಂತ ಮಹತ್ವ ಪಡೆಯುವುದು ಇಲ್ಲಿಯೇ. ಏಕೆಂದರೆ ನೆಲಕ್ಕೆ ಅಂಟಿದ ಹೆಸರು ಅದರ ಭವಿಷ್ಯವನ್ನೂ ನಿರ್ಧರಿಸಬಲ್ಲದು. ‘ಬರಡು ಭೂಮಿ’ ಎಂದಾಗ ಬೆಳೆಯುವ ಶಕ್ತಿಯೇ ಮಣ್ಣಿಗಿಲ್ಲ ಎಂಬ ತೀರ್ಪು ಇರುತ್ತದೆ. ‘ಬೀಳು’ ಎಂದರೆ ಹಾಗಲ್ಲ. ಅದು ಉಳದೆ ಬಿಟ್ಟ ನೆಲ. ಮಳೆ ತಪ್ಪಿದ್ದರಿಂದಲೋ, ಆಳು ಸಿಗದಿದ್ದರಿಂದಲೋ, ಕಾಡುಪ್ರಾಣಿಗಳ ಹಾವಳಿಯಿಂದಲೋ ರೈತ ‘ಬೀಳು ಬಿಟ್ಟ’ ಹೊಲ ಮುಂದಿನ ವರ್ಷ ಮತ್ತೆ ಬೆಳೆ ಕೊಡಬಹುದು. ‘ಬಂಜರು’ ಇವೆರಡರ ನಡುವೆ ನಿಲ್ಲುವ, ಆಡಳಿತದ ಛಾಯೆಯುಳ್ಳ ಪದ. ಬಹುಕಾಲದಿಂದ ಸಾಗುವಳಿಯಾಗದ ನೆಲ ಎಂಬುದಷ್ಟೇ ಅದರ ಅರ್ಥವಾದರೂ, ಓದುವವರು ಅದನ್ನು ‘ಬರಡು’ ಎಂದೇ ಗ್ರಹಿಸುತ್ತಾರೆ. ದನ ಮೇಯುವ ಗೋಮಾಳವನ್ನು ‘ಬಂಜರು’ ಎಂದು ಕರೆದರೆ ಅದು ಯಾರಿಗೂ ಬೇಡದ ಜಾಗವೆಂಬ ಭಾವನೆ ಹುಟ್ಟುವುದು ಈ ಗೊಂದಲದಿಂದಲೇ.

ಕಂದಾಯ ದಾಖಲೆಗಳು ಈ ವಿಷಯದಲ್ಲಿ ಆಡುಮಾತಿಗಿಂತ ಎಚ್ಚರದಿಂದಿವೆ. ಅಲ್ಲಿ ಜಮೀನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಣೆಯಾಗುತ್ತದೆ. ‘ಖುಷ್ಕಿ’ ಎಂಬುದು ‘ಒಣ’ ಎಂಬರ್ಥದ ಪಾರಸಿ ಮೂಲದ ಪದ. ಮಳೆಯನ್ನೇ ನಂಬಿದ ಜಮೀನು ಎಂದಷ್ಟೇ ಅದರ ತಾತ್ಪರ್ಯ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಖುಷ್ಕಿ ಹೊಲಗಳು ಸೂರ್ಯಕಾಂತಿ, ಚೆಂಡುಹೂಗಳಿಂದ ತುಂಬುತ್ತವೆ. ಅವನ್ನು ಬೇಸಿಗೆಯಲ್ಲಿ ನೋಡಿ ‘ಬರಡು’ ಎನ್ನುವುದು ತಪ್ಪು ಪ್ರಯೋಗ. ಬೇಸಾಯಕ್ಕೆ ಒದಗದ ಭಾಗವನ್ನು ಪಹಣಿಯಲ್ಲಿ ‘ಖರಾಬು’ ಎಂದು ಕಳೆಯಲಾಗುತ್ತದೆ. ಇದರಲ್ಲಿ ‘ಅ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ್ದು. ‘ಬ’ ಖರಾಬು ದಾರಿ, ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಎರಡನೆಯದು ಮಣ್ಣಿನ ಗುಣದ ಮಾತೇ ಅಲ್ಲ. ಮಣ್ಣಿನ ದೋಷವನ್ನೇ ಹೇಳಬೇಕಾದಲ್ಲಿ ‘ಚೌಳು’ ಎಂಬ ನಿಖರವಾದ ಪದವಿದೆ. ಅದು ಉಪ್ಪು, ಕ್ಷಾರಗಳಿಂದ ಕೆಟ್ಟ ನೆಲ.

‘ಬೋಳು’ ಮೇಲ್ಮೈಯನ್ನು ಮಾತ್ರ ಹೇಳುತ್ತದೆ. ಬಂಡೀಪುರ ಅರಣ್ಯಕ್ಕೆ ಸೇರಿದ, 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಹೆಚ್ಚಿನಂಶ ಹುಲ್ಲುಗಾವಲು. ಮರಗಳು ವಿರಳವಾದ್ದರಿಂದ ಅದನ್ನು ಬೋಳು ಎನ್ನಬಹುದು, ಬರಡು ಎನ್ನಲಾಗದು. ಆನೆಗಳು ಅಲ್ಲಿ ಮೇಯುತ್ತವೆ.

‘ಪಾಳು’, ‘ಹಾಳು’ ಪದಗಳಿಗೆ ಒಂದು ಗತಕಾಲ ಬೇಕು. ಹಿಂದೆ ಬಳಕೆಯಲ್ಲಿದ್ದು ಈಗ ಕೆಟ್ಟದ್ದು ಮಾತ್ರ ಪಾಳಾಗುತ್ತದೆ: ಪಾಳು ಬಾವಿ, ಪಾಳು ಮಂಟಪ. ಜನರಿಲ್ಲದ ಊರಿಗೆ ಕಂದಾಯ ಭಾಷೆಯಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಹೆಸರಿದೆ. ಮೂಲ ಪಾರಸಿಯಲ್ಲಿ ಇದರ ಅರ್ಥ ‘ದೀಪವಿಲ್ಲದ್ದು’. ಸರ್ಕಾರಿ ಪದಗಳಲ್ಲಿ ಇಷ್ಟು ಕಾವ್ಯಮಯವಾದದ್ದು ಬೇರೊಂದಿರಲಾರದು. ನೀರಿಲ್ಲದ ಕೆರೆಯಾದರೋ ‘ಬತ್ತಿದ’ ಕೆರೆ. ‘ಬರಡು ಕೆರೆ’ ಎನ್ನುವ ರೂಢಿಯಿಲ್ಲ, ಏಕೆಂದರೆ ಅದು ಮತ್ತೆ ತುಂಬಬಹುದು. ‘ಬೆಂಗಾಡು’ (ಬೇಗೆಯ ಕಾಡು) ಬಿಸಿಲು, ನಿರ್ಜನತೆ ಎರಡನ್ನೂ ಸೂಚಿಸುವ ಸಾಹಿತ್ಯಕ ಪದ. ದಾಖಲೆಗಳಲ್ಲಿ ಇದಕ್ಕೆ ಸ್ಥಾನವಿಲ್ಲ.

ಪ್ರಾಣಿ ಮತ್ತು ಮನುಷ್ಯರ ವಿಷಯದಲ್ಲಿ

ಈಯದ, ಹಾಲು ಕೊಡದ ದನಕ್ಕೆ ‘ಗೊಡ್ಡು’ ಎಂಬುದೇ ಇಂದು ರೂಢಿಯ ಪದ. ಆದರೆ ಗೊಡ್ಡು ನಿರುಪಯುಕ್ತವೆಂದು ಅರ್ಥವಲ್ಲ. ಗುಂಡ್ಲುಪೇಟೆಯ ಕಾಡಂಚಿನ ಹಳ್ಳಿಗಳಲ್ಲಿ ಹಾಲು ಕೊಡದ ದನಗಳನ್ನೂ ಸಗಣಿಗಾಗಿ ಸಾಕುವ ಪದ್ಧತಿಯಿದ್ದು, ಆ ಗೊಬ್ಬರ ಬೇರೆ ಜಿಲ್ಲೆಗಳ ಕಾಫಿ ತೋಟಗಳಿಗೆ ಮಾರಾಟವಾಗುತ್ತಿದ್ದುದು ಅಧ್ಯಯನಗಳಲ್ಲಿ ದಾಖಲಾಗಿದೆ.

‘ಬಂಜೆ’ ಸ್ತ್ರೀಯರಿಗೆ ಮಾತ್ರ ಅನ್ವಯವಾಗುವ ಪದ. ಇದಕ್ಕೆ ಸಮನಾದ, ಅಷ್ಟೇ ಬಳಕೆಯಲ್ಲಿರುವ ಪುಲ್ಲಿಂಗ ರೂಪ ಆಡುಮಾತಿನಲ್ಲಿ ಇಲ್ಲದಿರುವುದು ಗಮನಾರ್ಹ. ಈ ಜಿಲ್ಲೆಯ ಮಲೆ ಮಹದೇಶ್ವರ ಕಾವ್ಯದ ‘ಸಂಕಮ್ಮನ ಸಾಲು’ ಮಕ್ಕಳಿಲ್ಲದ ಹೆಣ್ಣು ಪಡುವ ಪಾಡನ್ನು ವಿಸ್ತಾರವಾಗಿ ಹೇಳುತ್ತದೆ. ಇಂದಿನ ಬರವಣಿಗೆಯಲ್ಲಿ ‘ಮಕ್ಕಳಿಲ್ಲದ’ ಎಂದು ಬರೆಯುವುದೇ ಸೂಕ್ತ. ‘ಬಂಜೆತನ’ ಮಾತ್ರ ವೈದ್ಯಕೀಯ ಬರಹಗಳಲ್ಲಿ ಮುಂದುವರಿದಿದೆ.

ಆಲಂಕಾರಿಕ ಬಳಕೆ

ಬದುಕು, ಮನಸ್ಸುಗಳಿಗೆ ‘ಬರಡು’ ಹೊಂದುತ್ತದೆ. ಮಾತಿಗೆ ‘ಒಣ’ (ಒಣ ಉಪದೇಶ, ಒಣ ಹರಟೆ), ನಂಬಿಕೆಗೆ ‘ಗೊಡ್ಡು’ (ಗೊಡ್ಡು ಸಂಪ್ರದಾಯ) ರೂಢಿಯಲ್ಲಿವೆ. ಹಳೆಯ ಮೈಸೂರು ಸೀಮೆಯಲ್ಲಿ ಬೇಳೆ ಹಾಕದ ತಿಳಿಸಾರನ್ನು ‘ಗೊಡ್ಡು ಸಾರು’ ಎನ್ನುತ್ತಾರೆ; ಇಲ್ಲಿ ಪದಕ್ಕೆ ನಿಂದೆಯ ಸೋಂಕಿಲ್ಲ.